ಬಾಗಿದ ಹ್ಯಾಂಡಲ್ ಸೀದಾ ಮಾಡಬ್ಯಾಡ: ಒಂದು ಕಂಬಿಯ ಇನ್ನೂರು ವರ್ಷದ ಕಥೆ

(ಈ ವಾರದ ಪಾಡ್‌ಕಾಸ್ಟ್‌ನ ಪಠ್ಯರೂಪ)

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಹಾಸ್ಟೆಲ್ ಮಂಚದ ಮೇಲೆ ಮಲಗಿ ಕೇಳ್ತಿರೋರಿಗೆ, ಅಂಗಡಿ ಕೌಂಟರ್ ಹಿಂದೆ ಒಂದೇ ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಬೈಕ್ ಓಡಿಸ್ತಾ ಕೇಳ್ತಿದ್ರೆ ಮಾತ್ರ ದಯವಿಟ್ಟು ಈಗಲೇ ಬಂದ್ ಮಾಡಿ, ಮನಿ ಮುಟ್ಟಿದ ಮೇಲೆ ಕೇಳಿ. ಯಾಕಂದ್ರೆ ಇವತ್ತಿನ ಕಥೆ ಶುರುವಾಗೋದೇ ನಾನು ಬೈಕಿನಿಂದ ಬಿದ್ದ ಜಾಗದಿಂದ.

ಡಿಸೆಂಬರ್ ತಿಂಗಳು. ಮುಂದಿನ ಸಂಚಿಕೆಗೆ ಅಂತ ನಮ್ಮ ಜಿಲ್ಲೆಯ ಹರಿದಾಸರ ಊರುಗಳನ್ನ ನೋಡಿಕೊಂಡು ಬರೋಣ ಅಂತ ರಾಯಚೂರಿನಿಂದ ಬೆಳಿಗ್ಗೆ ಬಿಟ್ಟಿದ್ದೆ. ಮೊದಲು ದೇವದುರ್ಗ ತಾಲ್ಲೂಕಿನ ಮೊಸರಕಲ್ಲು, ಅದು ಗೋಪಾಲದಾಸರ ಊರು. ಅಲ್ಲಿಂದ ಸಿರವಾರ ಮೇಲೆ ಹಾಯ್ದು ಮಾನ್ವಿ, ಅದು ಜಗನ್ನಾಥದಾಸರ ಊರು. ಅವರೆಲ್ಲ ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಕೈಯಲ್ಲಿ ತಂಬೂರಿ ಹಿಡಕೊಂಡು ನಡೆದ ದಾರಿ. ನಾನು ಮಾತ್ರ ಎರಡು ಕ್ವಿಂಟಲ್ ತೂಕದ ಅಡ್ವೆಂಚರ್ ಬೈಕ್ ತಗೊಂಡು ಹೋಗಿದ್ದೆ.

ಮಾನ್ವಿ ಹತ್ತಿರ ಬಂದಾಗ ಹೊತ್ತು ಮುಳುಗ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ ಅದು, ಎತ್ತ ನೋಡಿದ್ರೂ ಭತ್ತ. ನಮ್ಮ ಕಡೆ ನೆಲ್ಲು ಅಂತೀವಿ. ಸುಗ್ಗಿ ದಿನಗಳಲ್ಲಿ ಒಣಗಿಸೋಕೆ ಜಾಗ ಇಲ್ಲದ ರೈತರು ರಸ್ತೆ ಮೇಲೇ ನೆಲ್ಲು ಹರವ್ತಾರೆ. ಗಾಡಿ ಹತ್ತಬಾರದು ಅಂತ ಸುತ್ತ ಕಲ್ಲು ಇಟ್ಟಿರ್ತಾರೆ. ಅವರದು ತಪ್ಪು ಅಂತ ನಾನು ಹೇಳೋದಿಲ್ಲ. ಆ ಬೆಳಕಿನಲ್ಲಿ ಆ ಸ್ಪೀಡಿನಲ್ಲಿ ಬಂದಿದ್ದು ನಾನು. ಕಲ್ಲು ಕಂಡ ಕೂಡಲೇ ರಸ್ತೆ ಬಿಟ್ಟು ಕೆಳಗೆ ಇಳಿಸಿದೆ. ಕೆಳಗೆ ಇದ್ದದ್ದು ಎರೆ ಮಣ್ಣು, ಅದೂ ಕಾಲುವೆ ನೀರು ಕುಡಿದ ಎರೆ ಮಣ್ಣು. ಮುಂದಿನ ಗಾಲಿ ಹೂತು ನಿಂತಿತು, ಗಾಡಿ ಎಡಕ್ಕೆ ಉರುಳಿತು.

ನೆಲ್ಲು ಕಾಯ್ತಿದ್ದ ಅಜ್ಜ, ಅವರ ಮೊಮ್ಮಗ ಓಡಿ ಬಂದು ಎಬ್ಬಿಸಿದರು, ನೀರು ಕೊಟ್ಟರು. ನನಗೆ ಮೊಣಕಾಲು ತರಚಿತ್ತು, ಅಷ್ಟೇ. ಆದ್ರೆ ಗಾಡಿ ಹ್ಯಾಂಡಲ್‌ನ ಎಡ ತುದಿ ಟ್ಯಾಂಕ್ ಕಡೆ ಬಾಗಿತ್ತು. ಸೀದಾ ಹೋಗಬೇಕಂದ್ರೆ ಒಂದು ಕೈ ಮುಂದೆ, ಒಂದು ಕೈ ಹಿಂದೆ ಇಟ್ಟುಕೊಳ್ಳಬೇಕು. ಹಂಗೇ ನಿಧಾನಕ್ಕೆ ರಾಯಚೂರು ಮುಟ್ಟೋಷ್ಟರಲ್ಲಿ ಎಡಗೈಯ ಎರಡು ಬೆರಳು ಜೋಮು ಹಿಡಿದಿದ್ದವು.

ಮರುದಿನ ಉಸ್ತಾದ್ ಹತ್ರ ಹೋದೆ. ಬೆಂಗಳೂರು, ಮೈಸೂರು ಕಡೆಯ ಕೇಳುಗರಿಗೆ ಹೇಳ್ಬೇಕು: ನಿಜಾಮರ ಕಾಲದ ನಮ್ಮ ಸೀಮೆಯಲ್ಲಿ ಒಳ್ಳೆ ಮೆಕ್ಯಾನಿಕ್‌ಗೆ ಇವತ್ತಿಗೂ ಉಸ್ತಾದ್ ಅಂತಾರೆ. ಕಸಬು ಕಲಿಸೋ ಗುರು ಅಂತ ಅರ್ಥ.

“ಉಸ್ತಾದ್, ಒಂದು ಪೈಪ್ ಹಾಕಿ ಎಳೀರಿ. ಸೀದಾ ಆಗ್ತದ” ಅಂದೆ.

ಅವರು ಹ್ಯಾಂಡಲ್ ಮೇಲೆ ಕೈಯಾಡಿಸಿ ನೋಡಿದರು. “ರಿಮ್ ಬೆಂಡ್ ತಗೀತೀನಿ. ಲೆಗ್ ಗಾರ್ಡ್ ಸೀದಾ ಮಾಡ್ತೀನಿ. ಫುಟ್‌ರೆಸ್ಟ್ ಕಾಸಿ ಬಡೀತೀನಿ. ಹ್ಯಾಂಡಲ್ ಮಾತ್ರ ಸೀದಾ ಮಾಡಂಗಿಲ್ಲ ಬೇಟಾ. ಹೊಸಾದು ಹಾಕೋದು.”

“ಹಂಗಾದ್ರ ಹೊಸಾದು ದೊಡ್ಡದು ಹಾಕ್ರಿ. ಅಗಲ ಇರೋದು, ಅಲಾಯ್ ಬರ್ತದಲ್ಲ, ಅದು.” ರೀಲ್ಸ್‌ನಲ್ಲಿ ನೋಡಿ ನೋಡಿ ನನಗೂ ಆಸೆ ಹತ್ತಿತ್ತು.

ಉಸ್ತಾದ್ ನನ್ನ ಮುಖ ನೋಡಿದರು. “ಈಗಿರೋ ಹ್ಯಾಂಡಲ್ ಈ ಆಕಾರಕ್ಕ ಯಾಕ ಐತಿ, ಗೊತ್ತೈತೇನು?”

ನನಗೆ ಉತ್ತರ ಬರಲಿಲ್ಲ. ಇತಿಹಾಸದ ಪಾಡ್‌ಕಾಸ್ಟ್ ಮಾಡೋನು ನಾನು. ದಿನಾ ಎರಡು ಕೈಯಲ್ಲೂ ಹಿಡಿಯೋ ಕಂಬಿಯ ಇತಿಹಾಸ ಗೊತ್ತಿಲ್ಲ! ಇವತ್ತಿನ ಸಂಚಿಕೆ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ.

ಹ್ಯಾಂಡಲ್ ಇಲ್ಲದ ಗಾಡಿ

ಮೊದಲು ಹ್ಯಾಂಡಲ್ ಇಲ್ಲದ ಕಾಲಕ್ಕೆ ಹೋಗೋಣ. ದೂರ ಹೋಗೋದು ಬೇಡ, ರಾಯಚೂರು ಕೋಟೆಯ ಪಶ್ಚಿಮದ ಗೋಡೆ ಸಾಕು. ಅಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಶಾಸನದ ಜೊತೆಗೆ ಒಂದು ಚಿತ್ರವನ್ನೂ ಕೆತ್ತಿದ್ದಾರೆ: ಅದೇ ಕಲ್ಲನ್ನು ಗಾಡಿ ಮೇಲೆ ಹೇರಿ ತರುತ್ತಿರೋ ಚಿತ್ರ. ತುಂಬು ಗಾಲಿಯ ಗಾಡಿ, ಮುಂದೆ ಉದ್ದಕ್ಕೂ ಕಟ್ಟಿದ ಕೋಣಗಳ ಸಾಲು, ಅವನ್ನ ಹೊಡೆಯೋ ಜನ, ಗಾಲಿ ಹೂಳದ ಹಂಗೆ ಸನ್ನೆಗೋಲು ಹಾಕೋ ಜನ.

ಇಡೀ ಚಿತ್ರದಲ್ಲಿ ಗಾಡಿಯನ್ನ ತಿರುಗಿಸೋಕೆ ಅಂತ ಒಂದು ಸಾಧನ ಇಲ್ಲ. ಬೇಕಾಗಿರಲಿಲ್ಲ ರೀ. ಕೋಣ ತಿರುಗಿದ ಕಡೆ ಗಾಡಿ ತಿರುಗ್ತದೆ. ಎತ್ತಿನ ಬಂಡಿಗೂ ಅಷ್ಟೇ: ಮೂಗುದಾರ ಎಳೆದ್ರೆ ಎತ್ತು ತಿರುಗ್ತದೆ, ಎತ್ತಿನ ಹಿಂದೆ ಬಂಡಿ. ಅಂದ್ರೆ ದಾರಿ ನೋಡಿಕೊಳ್ಳೋ ಜವಾಬ್ದಾರಿಯಲ್ಲಿ ಅರ್ಧ ಪಾಲು ಪ್ರಾಣಿಯದು. ರೈತ ತೂಕಡಿಸಿದರೂ ಎತ್ತು ಮನಿಗೆ ಕರಕೊಂಡು ಬರ್ತಿತ್ತು ಅಂತ ಹಿರಿಯರು ಹೇಳ್ತಾರಲ್ಲ, ಅದಕ್ಕೇ.

ಆ ಪ್ರಾಣಿ ಗಾಡಿಯ ಮುಂದಿನಿಂದ ಹೋದ ದಿನ, ಆ ಜವಾಬ್ದಾರಿ ಪೂರ್ತಿ ಮನುಷ್ಯನ ಎರಡು ಕೈಗೆ ಬಂತು. ಹ್ಯಾಂಡಲ್ ಹುಟ್ಟಿದ್ದು ಆಗ.

ಮರದ ಕುದುರೆಯಿಂದ ಮೋಟಾರಿನ ತನಕ

1817ರ ಜೂನ್ 12. ಜರ್ಮನಿಯ ಮ್ಯಾನ್‌ಹೈಮ್ ಊರಲ್ಲಿ ಕಾರ್ಲ್ ಡ್ರೈಸ್ ಅನ್ನೋ ಅಧಿಕಾರಿ ತಾನು ಮಾಡಿದ ಮರದ ಗಾಡಿ ಮೇಲೆ ಸವಾರಿ ಹೊರಟ. ಒಂದರ ಹಿಂದೆ ಒಂದು ಗಾಲಿ, ನಡುವೆ ಸೀಟು. ಪೆಡಲ್ ಇಲ್ಲ, ಚೈನ್ ಇಲ್ಲ, ಕಾಲಿನಿಂದ ನೆಲ ಒದ್ದುಕೊಂಡು ಓಡಿಸಬೇಕು. ಆದರೆ ಮುಂದಿನ ಗಾಲಿ ತಿರುಗಿಸೋಕೆ ಒಂದು ಹಿಡಿ ಇತ್ತು. ಮೊಣಕೈ ಊರೋಕೆ ಮೆತ್ತೆ ಹಾಕಿದ ಹಲಗೆಯೂ ಇತ್ತು. ನೋಡ್ರಿ, ಮೊದಲನೇ ಗಾಡಿಯಲ್ಲೇ ಎರಡು ವಿಷಯ ಸೇರಿಬಿಟ್ಟಿವೆ: ಗಾಲಿ ತಿರುಗಿಸೋದು ಮತ್ತು ಮೈಯ ಭಾರ ಊರೋದು. ಹ್ಯಾಂಡಲ್‌ಗೆ ಈ ಎರಡು ಕೆಲಸ ಇವತ್ತಿಗೂ ತಪ್ಪಿಲ್ಲ.

ಆಮೇಲೆ ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿಯ ಸೈಕಲ್ ಬಂತು. ಹಳೇ ಫೋಟೋಗಳಲ್ಲಿ ನೋಡಿರ್ತೀರಿ. ಅದರ ಹ್ಯಾಂಡಲ್ ಸವಾರನ ತೊಡೆ ಮೇಲೆ ಅಡ್ಡ ಬರ್ತಿತ್ತು. ಕಲ್ಲಿಗೆ ಗಾಲಿ ಬಡಿದರೆ ಸವಾರ ಮುಂದಕ್ಕೆ ಹಾರ್ತಿದ್ದ, ಆದರೆ ಕಾಲು ಹ್ಯಾಂಡಲ್ ಕೆಳಗೆ ಸಿಕ್ಕಿಬಿದ್ದು ತಲೆ ಮೊದಲು ನೆಲಕ್ಕೆ ಬಡೀತಿತ್ತು. ಅದಕ್ಕೆ ಕೆಲವರು ತೊಡೆಯ ಹಿಂದಿನಿಂದ ಬಳಸಿ ಬರೋ ಹ್ಯಾಂಡಲ್ ಮಾಡಿಸಿದರು, ಬಿದ್ದರೂ ಕಾಲು ಮೇಲೆ ನಿಲ್ಲಲಿ ಅಂತ. ಬಿದ್ದ ಮೇಲೆ ಹ್ಯಾಂಡಲ್ ಬದಲಿಸಿದವರಲ್ಲಿ ನಾನು ಮೊದಲಿಗನಲ್ಲ ಅಂತ ಓದಿ ಸಮಾಧಾನ ಆಯ್ತು.

1885 ದೊಡ್ಡ ವರ್ಷ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೇಫ್ಟಿ ಸೈಕಲ್ ತಂದ. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನ್. ಇವತ್ತಿನ ಸೈಕಲ್ಲಿನ ಅಜ್ಜ ಅದು. ಅದೇ ವರ್ಷ ಜರ್ಮನಿಯಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಖ್ ಮರದ ಚೌಕಟ್ಟಿಗೆ ಪೆಟ್ರೋಲ್ ಇಂಜಿನ್ ಕೂಡಿಸಿ ‘ರೈಟ್‌ವಾಗನ್’ ಮಾಡಿದರು. ಬೀಳದ ಹಂಗೆ ಅಕ್ಕಪಕ್ಕ ಎರಡು ಪುಟ್ಟ ಗಾಲಿ ಬೇರೆ. 1894ರಲ್ಲಿ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲರ್ ಕಂಪನಿ ಮಾರಾಟಕ್ಕೆ ಅಂತಲೇ ಮೋಟಾರ್‌ಸೈಕಲ್‌ಗಳನ್ನ ಮಾಡತೊಡಗಿತು.

ಇಲ್ಲೊಂದು ಮಜಾ ವಿಷಯ ಹೇಳ್ಬೇಕು. ಹ್ಯಾಂಡಲ್ ತಿರುಗಿಸಿದ ಕಡೆ ಗಾಡಿ ಹೋಗ್ತದೆ ಅಂತ ನಾವು ಅಂದುಕೊಂಡಿದೀವಿ. ಸ್ವಲ್ಪ ಸ್ಪೀಡ್ ಬಂದ ಮೇಲೆ ಹಂಗಿಲ್ಲ. ಬಲಕ್ಕೆ ಹೋಗಬೇಕಂದ್ರೆ ನಿಮ್ಮ ಕೈ ಮೊದಲು ಹ್ಯಾಂಡಲ್‌ನ ಬಲ ತುದಿಯನ್ನ ಒಂಚೂರು ಮುಂದಕ್ಕೆ ತಳ್ಳುತ್ತದೆ. ಅಂದ್ರೆ ಗಾಲಿ ಅರೆಕ್ಷಣ ಎಡಕ್ಕೆ ತಿರುಗ್ತದೆ, ಗಾಡಿ ಬಲಕ್ಕೆ ವಾಲ್ತದೆ, ವಾಲಿದ ಮೇಲೆ ಬಲಕ್ಕೆ ಹೋಗ್ತದೆ. ವಿಮಾನ ಹಾರಿಸಿದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿ ಇಟ್ಟಿದ್ದವರು. ಅವರಲ್ಲಿ ವಿಲ್ಬರ್ ಇದನ್ನ ಗಮನಿಸಿದ್ದ. ಸವಾರರಿಗೆ ತಾವು ಹಿಂಗೆ ಮಾಡ್ತೀವಿ ಅಂತಲೇ ತಿಳಿದಿರೋದಿಲ್ಲ ಅಂತ ವಿವರಿಸಿದ್ದ. ಅಂದ್ರೆ ಹ್ಯಾಂಡಲ್ ಜೊತೆ ನಮ್ಮ ಕೈಗಳು ನಮಗೇ ಗೊತ್ತಿಲ್ಲದ ಒಂದು ಲೆಕ್ಕ ಇಟ್ಟುಕೊಂಡಿವೆ. ಎಡ ತುದಿ ಒಂದೆರಡು ಇಂಚು ಬಾಗಿದ್ರೆ ಆ ಲೆಕ್ಕ ತಪ್ಪುತ್ತದೆ. ಮಾನ್ವಿಯಿಂದ ಬರೋವಾಗ ಪ್ರತಿ ತಿರುವಿನಲ್ಲೂ ನನಗೆ ಭಯ ಆಗಿದ್ದು ಅದಕ್ಕೇ.

ನಮ್ಮ ಕಡೆ ಬಂದ ಕಂಬಿ

ರಾಯಚೂರಿಗೆ ಹೊರಗಿನ ಲೋಕ ಬಂದಿದ್ದು ರೈಲಿನ ಮೇಲೆ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ರಸ್ತೆ ಬಂದಿದ್ದು ನಿಧಾನ. ಹೈದರಾಬಾದ್ ದಾರಿಯಲ್ಲಿ ಕೃಷ್ಣೆಗೆ ಅಡ್ಡ ಇರೋ ಹಳೇ ಸೇತುವೆ ಮುಗಿದಿದ್ದು ನಿಜಾಮರ ಕಾಲದಲ್ಲಿ, 1943ರಲ್ಲಿ.

ಹ್ಯಾಂಡಲ್ ಅನ್ನೋ ಮಾತು ನಮ್ಮ ಬಾಯಿಗೆ ಬಂದಿದ್ದು ಮೋಟಾರ್ ಬೈಕಿನಿಂದ ಅಲ್ಲ, ಸೈಕಲ್ಲಿನಿಂದ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶದೊಳಗೇ ಸೈಕಲ್ ಕಾರ್ಖಾನೆ ಎದ್ದವು: 1949ರಲ್ಲಿ ಮದ್ರಾಸಿನ ಟಿಐ ಸೈಕಲ್ಸ್, 1956ರಲ್ಲಿ ಲುಧಿಯಾನಾದ ಹೀರೋ. ಆ ಕರೀ ಸೈಕಲ್ಲಿನ ಹ್ಯಾಂಡಲ್ ನೆನಪು ಮಾಡ್ಕೊಳ್ರಿ. ಎತ್ತರ, ತುದಿ ಹಿಂದಕ್ಕೆ ಸವಾರನ ಕಡೆ ಬಾಗಿರ್ತದೆ, ಕೆಳಗೆ ಕಂಬಿ ಬ್ರೇಕ್. ನೆಟ್ಟಗೆ ಕೂತು ಸಾವಕಾಶ ಹೋಗೋರಿಗೆ ಮಾಡಿದ್ದು. ನಮ್ಮ ಜನ ಅದಕ್ಕೆ ಮೂರನೇ ಕೆಲಸ ಹಚ್ಚಿದರು: ಸಾಮಾನು ತೂಗುಹಾಕೋದು. ಹಾಲಿನ ಕ್ಯಾನು, ಸಂತೆ ಚೀಲ, ಬುತ್ತಿ, ಕಾಲು ಕಟ್ಟಿದ ಕೋಳಿ, ಎಲ್ಲ ಹ್ಯಾಂಡಲ್‌ಗೇ. ನಮ್ಮಪ್ಪನ ಸೈಕಲ್ಲಿನ ಹ್ಯಾಂಡಲ್ ಹಿಡಕೊಂಡೇ ನಾನು ಮುಂದಿನ ಕಂಬಿ ಮೇಲೆ ಕೂತು ಶಾಲಿಗೆ ಹೋಗ್ತಿದ್ದೆ.

ರಾಯಲ್ ಎನ್‌ಫೀಲ್ಡ್ ಕೂಡ ಹುಟ್ಟಿನಿಂದ ಸೈಕಲ್ ಮನೆತನದ್ದೇ. ಇಂಗ್ಲೆಂಡಿನ ರೆಡಿಚ್ ಊರಿನ ಎನ್‌ಫೀಲ್ಡ್ ಸೈಕಲ್ ಕಂಪನಿ 1901ರಲ್ಲಿ ಮೊದಲ ಮೋಟಾರ್‌ಸೈಕಲ್ ಮಾಡಿತು, 1932ರಲ್ಲಿ ‘ಬುಲೆಟ್’ ಹೆಸರು ಬಂತು, 1955ರಿಂದ ಮದ್ರಾಸಿನಲ್ಲಿ ಬುಲೆಟ್ ಜೋಡಿಸೋದು ಶುರುವಾಯ್ತು. ಬುಲೆಟ್ ಹ್ಯಾಂಡಲ್ ಗಮನಿಸಿದ್ರೆ ಆ ಕರೀ ಸೈಕಲ್ಲಿನ ನೆಂಟಸ್ತಿಕೆ ಕಾಣ್ತದೆ. ಎದೆ ಎತ್ತಿ ನೆಟ್ಟಗೆ ಕೂತು ಹೋಗೋ ಗತ್ತು ಬಂದಿದ್ದೇ ಆ ಬಾಗಿನಿಂದ.

ಇನ್ನು ನಮ್ಮ ಕರ್ನಾಟಕದ್ದೇ ಗಾಡಿ. ಜೆಕೊಸ್ಲೊವಾಕಿಯಾದ ಪ್ರಾಗ್‌ನಲ್ಲಿ 1929ರಲ್ಲಿ ಹುಟ್ಟಿದ ಕಂಪನಿ ಜಾವಾ. ಯಾನೆಚೆಕ್ ಅನ್ನೋ ಮಾಲೀಕನ ಹೆಸರಿನ ಮೊದಲ ಅಕ್ಷರ, ವಾಂಡರರ್ ಅನ್ನೋ ಕಂಪನಿ ಹೆಸರಿನ ಮೊದಲ ಅಕ್ಷರ ಕೂಡಿಸಿ ಆ ಹೆಸರು. ಆ ಬೈಕು 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ‘ಯೆಜ್ಡಿ’ ಆಯ್ತು. 1978ರಲ್ಲಿ ‘ರೋಡ್‌ಕಿಂಗ್’ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಉಸ್ತಾದ್ ಕಸಬು ಕಲಿತಿದ್ದು ಯೆಜ್ಡಿ ಮೇಲೇ. “ಆ ಗಾಡಿ ಬಿಚ್ಚಿ ಜೋಡಿಸಿದವ್ನಿಗೆ ಯಾವ ಗಾಡಿನೂ ಅಂಜಿಕಿ ಇಲ್ಲ” ಅಂತಾರೆ.

ಎಂಬತ್ತರ ದಶಕದಲ್ಲಿ ಹೊಸೂರಿನ ಟಿವಿಎಸ್ 50 ಬಂತು, 1985ರಲ್ಲಿ ಹೀರೋ ಹೋಂಡಾದ ಸಿಡಿ 100, 1994ರಲ್ಲಿ ಸ್ಪ್ಲೆಂಡರ್. ದೇವದುರ್ಗ, ಮಾನ್ವಿಯ ಹಳ್ಳಿಗಳಿಗೆ ನಿಜವಾಗಿ ಇಂಜಿನ್ ಹೊಕ್ಕಿದ್ದು ಈ ಗಾಡಿಗಳ ಮೇಲೆ. ಗೊಬ್ಬರದ ಚೀಲ, ಮೇವಿನ ಹೊರೆ, ಇಬ್ಬರು ಮಕ್ಕಳು, ಎಲ್ಲ ಹೊತ್ತುಕೊಂಡು ಹೋಗೋ ಗಾಡಿಗಳು. ಅವುಗಳ ಹ್ಯಾಂಡಲ್ ಗಿಡ್ಡ, ಹಗುರ. ಸಂತೆಯ ಇಕ್ಕಟ್ಟಿನಲ್ಲೂ ನುಗ್ಗಬೇಕಲ್ಲ!

ಬೇರೆ ದೇಶದಲ್ಲಿ ಅದಕ್ಕೂ ಮೊದಲೇ ಒಂದು ಉಲ್ಟಾ ಕಥೆ ನಡೆದಿತ್ತು. ಐವತ್ತು, ಅರವತ್ತರ ದಶಕದ ಲಂಡನ್ ಹುಡುಗರು ಒಂದು ಟೀ ಅಂಗಡಿಯಿಂದ ಇನ್ನೊಂದಕ್ಕೆ ರೇಸ್ ಬಿಡೋಕೆ ಹ್ಯಾಂಡಲ್ ಕೆಳಗಿಳಿಸಿ, ಟ್ಯಾಂಕ್ ಮೇಲೆ ಮಲಗಿ ಓಡಿಸ್ತಿದ್ರು. ಡಾಂಬರು ನುಣುಪು, ಗಾಳಿ ತಡೀಬಾರದು. ಆ ರಸ್ತೆಗೆ ಆ ಹ್ಯಾಂಡಲ್ ಸರಿ. ದೇವದುರ್ಗ ರಸ್ತೆಯಲ್ಲಿ ಹಂಗೆ ಮಲಗಿ ಓಡಿಸಿದ್ರೆ ಸಂಜೆಗೆ ಮಣಿಕಟ್ಟು ಕೈಯಲ್ಲಿರೋದಿಲ್ಲ.

ಮರುಭೂಮಿಯಿಂದ ಬಂದ ಅಗಲ

ಈಗ ನನ್ನ ಆಸೆಯ ಅಗಲ ಹ್ಯಾಂಡಲ್ ಎಲ್ಲಿಂದ ಬಂತು ಅಂತ ನೋಡೋಣ.

1978ರ ಡಿಸೆಂಬರ್ ಕೊನೆಗೆ ಪ್ಯಾರಿಸ್‌ನಿಂದ ಒಂದಷ್ಟು ಜನ ಹೊರಟರು. ಸಹಾರಾ ಮರುಭೂಮಿ ದಾಟಿ ಸೆನೆಗಲ್ ದೇಶದ ಡಕಾರ್ ಮುಟ್ಟಬೇಕು. ಡಕಾರ್ ರ್‍ಯಾಲಿ ಹುಟ್ಟಿದ್ದು ಹಂಗೆ. ಮೊದಲ ಸಲ ಗೆದ್ದ ಸಿರಿಲ್ ನೆವು ಓಡಿಸಿದ್ದು ಯಮಹಾ ಎಕ್ಸ್‌ಟಿ 500. 1980ರಲ್ಲಿ ಬಿಎಂಡಬ್ಲ್ಯು ‘ಆರ್ 80 ಜಿ/ಎಸ್’ ಅನ್ನೋ ಬೈಕ್ ತಂದಿತು. ಆ ಎರಡು ಅಕ್ಷರಕ್ಕೆ ಜರ್ಮನ್ ಭಾಷೆಯಲ್ಲಿ ಅರ್ಥ ಕಾಡುಮೇಡು ಮತ್ತು ರಸ್ತೆ. ಎರಡಕ್ಕೂ ಒಂದೇ ಗಾಡಿ. 1981ರಲ್ಲಿ ಹ್ಯೂಬರ್ಟ್ ಓರಿಯಾಲ್ ಬಿಎಂಡಬ್ಲ್ಯು ಮೇಲೆ ಡಕಾರ್ ಗೆದ್ದ. ಇವತ್ತು ನಾವು ಅಡ್ವೆಂಚರ್ ಟೂರರ್ ಅನ್ನೋ ಬೈಕುಗಳ ಮನೆತನ ಶುರುವಾಗಿದ್ದು ಆ ಗಾಡಿಯಿಂದ.

ಮರಳಿನಲ್ಲಿ, ಕಲ್ಲಿನಲ್ಲಿ ಕೂತು ಓಡಿಸೋಕೆ ಆಗೋದಿಲ್ಲ. ಫುಟ್‌ರೆಸ್ಟ್ ಮೇಲೆ ನಿಲ್ಲಬೇಕು. ನಿಂತಾಗ ಮೊಣಕಾಲೇ ಇನ್ನೊಂದು ಜೋಡಿ ಶಾಕ್ ಅಬ್ಸಾರ್ಬರ್. ಆಗ ಹ್ಯಾಂಡಲ್ ತಗ್ಗಿದ್ರೆ ಬೆನ್ನು ಬಾಗಿಸಿ ನಿಲ್ಲಬೇಕು, ಸೊಂಟ ಹಿಡೀತದೆ. ಅದಕ್ಕೆ ಎತ್ತರ. ಮರಳು ಮುಂದಿನ ಗಾಲಿಯನ್ನ ಎಳೆದಾಡೋವಾಗ ಹಿಡಿದು ನಿಲ್ಲಿಸೋಕೆ ಬಲ ಬೇಕು, ಉದ್ದ ಸನ್ನೆಗೋಲು ಇದ್ದಷ್ಟೂ ಬಲ ಹೆಚ್ಚು. ಅದಕ್ಕೆ ಅಗಲ. ನೆನಪಿದೆಯಾ, 1294ರ ಕಲ್ಲಿನ ಚಿತ್ರದಲ್ಲಿ ಗಾಲಿಗೆ ಸನ್ನೆಗೋಲು ಹಾಕ್ತಿದ್ದ ಜನ? ಅದೇ ಲೆಕ್ಕ.

ಈ ಮರುಭೂಮಿಗೂ ನಮಗೂ ಒಂದು ನಂಟಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯ. ಆಗ ರ್‍ಯಾಲಿ ದಕ್ಷಿಣ ಅಮೆರಿಕದಲ್ಲಿ ನಡೀತಿತ್ತು, ಅವರು 36ನೇ ಸ್ಥಾನದಲ್ಲಿ ಮುಗಿಸಿದರು. 2021ರಲ್ಲಿ ಸೌದಿ ಅರೇಬಿಯಾದ ಡಕಾರ್‌ನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಯ್ತು, ಸಾವಿನ ಬಾಗಿಲು ನೋಡಿ ಬಂದರು. ಅಂಥ ಕೈಗಳಿಗೂ ಹ್ಯಾಂಡಲ್ ಒಮ್ಮೊಮ್ಮೆ ಮಾತು ಕೇಳೋದಿಲ್ಲ.

ಭಾರತದಲ್ಲಿ 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಹೀರೋ ಎಕ್ಸ್‌ಪಲ್ಸ್ 200, 2020ರ ಕೆಟಿಎಂ 390 ಅಡ್ವೆಂಚರ್ ಈ ಆಕಾರವನ್ನ ನಮ್ಮ ಬೀದಿಗೆ ತಂದವು. ಜೊತೆಗೆ ಮಾರುಕಟ್ಟೆಯಲ್ಲಿ ದಪ್ಪ ಅಲಾಯ್ ಹ್ಯಾಂಡಲ್‌ಗಳೂ ಬಂದವು. ಸಾಮಾನ್ಯ ಹ್ಯಾಂಡಲ್ 22 ಮಿಲಿಮೀಟರ್ ದಪ್ಪ. ಈ ದಪ್ಪನೆಯವು ನಡುವೆ 28.6 ಮಿಲಿಮೀಟರ್ ಇದ್ದು, ಗ್ರಿಪ್ ಹತ್ತಿರ ಮತ್ತೆ 22ಕ್ಕೆ ಇಳೀತವೆ. ಆಫ್‌ರೋಡ್ ರೇಸ್‌ಗೆ ಅಲ್ಯೂಮಿನಿಯಂ ಹ್ಯಾಂಡಲ್ ಅಂದ್ರೆ ನೆನಪಾಗೋ ಹೆಸರು ಇಂಗ್ಲೆಂಡಿನ ರೆಂಥಾಲ್, 1969ರಲ್ಲಿ ಶುರುವಾಗಿದ್ದು.

ಒಂದು ತುಂಡು ತಂತಿ

ಇಷ್ಟೆಲ್ಲ ಓದಿಕೊಂಡು ಎರಡು ದಿನ ಬಿಟ್ಟು ಮತ್ತೆ ಗ್ಯಾರೇಜಿಗೆ ಹೋದೆ. ಮರುಭೂಮಿ, ಸನ್ನೆಗೋಲು ಅಂತೆಲ್ಲ ಹೇಳಿದೆ. ಉಸ್ತಾದ್ ಪೂರ್ತಿ ಕೇಳಿದರು. ಆಮೇಲೆ ಕೆಳಗೆ ಬಿದ್ದಿದ್ದ ಒಂದು ತುಂಡು ಕಬ್ಬಿಣದ ತಂತಿ ಕೈಗೆ ಕೊಟ್ಟರು.

“ಬಾಗಿಸು.” ಬಾಗಿಸಿದೆ. “ಸೀದಾ ಮಾಡು.” ಮಾಡಿದೆ. “ಬಾಗಿಸು, ಸೀದಾ ಮಾಡು.” ಆರೇಳು ಸಲಕ್ಕೆ ತಂತಿ ಬಿಸಿಯಾಗಿ ಪಟ್ ಅಂತ ಮುರೀತು.

“ತಿಳೀತಾ? ಬಾಗಿದ ಲೋಹ ಬಾಗಿದ ಜಾಗದಾಗ ಗಟ್ಟಿ ಆಗ್ತೈತಿ, ಪೆಡಸು ಆಗ್ತೈತಿ. ಸೀದಾ ಮಾಡಿದ್ರ ಕಣ್ಣಿಗೆ ಸೀದಾ ಕಾಣ್ತೈತಿ. ಒಳಗ ಸೀಳು ಬಿಟ್ಟಿರ್ತೈತಿ. ರಿಮ್ ಮುರದ್ರ ಹೊಯ್ದಾಡಿ ಹೇಳ್ತೈತಿ. ಹ್ಯಾಂಡಲ್ ಮುರದ್ರ ಹೇಳಂಗಿಲ್ಲ. ಒಂದು ಕೈಯಾಗ ತುಂಡು ಉಳೀತೈತಿ, ಅಷ್ಟ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು. ಬಹಳ ವರ್ಷದ ಹಿಂದೆ ಒಬ್ಬ ಹುಡುಗನ ಗಾಡಿ ಹ್ಯಾಂಡಲ್ ಅವರೇ ಸೀದಾ ಮಾಡಿ ಕೊಟ್ಟಿದ್ದರಂತೆ. ಹುಡುಗನ ಹತ್ರ ಹೊಸಾದಕ್ಕೆ ರೊಕ್ಕ ಇರಲಿಲ್ಲ, ಇವರಿಗೂ ಮರುಕ. ಕೆಲವು ತಿಂಗಳ ಮೇಲೆ ಹಂಪ್ ಹಾರಿಸುವಾಗ ಅದೇ ಜಾಗದಲ್ಲಿ ಮುರೀತು. ಹುಡುಗ ಬದುಕಿದ. ಬಲಗೈಯಲ್ಲಿ ಈಗಲೂ ಬಕೆಟ್ ಎತ್ತೋಕೆ ಬರೋದಿಲ್ಲ. “ಅವ ಒಂದು ದಿನಾನೂ ನನಗ ಬೈದಿಲ್ಲ. ಬೈದಿದ್ರ ಚಲೋ ಇತ್ತು” ಅಂದರು.

ನನಗೆ ಆಗ ಅರ್ಥ ಆಯ್ತು. ನಮ್ಮ ಸೀಮೆ ರಿಪೇರಿ ಮಾಡಿ ಬದುಕೋ ಸೀಮೆ. ಹರಿದ ಚಪ್ಪಲಿ, ಒಡೆದ ಬಕೆಟ್, ಸುಟ್ಟ ಮೋಟಾರು, ಏನನ್ನೂ ಸುಮ್ಮನೆ ಎಸೆಯೋದಿಲ್ಲ. ಅದು ನಮ್ಮ ಹೆಮ್ಮೆ. ಆದರೆ ಯಾವುದನ್ನ ರಿಪೇರಿ ಮಾಡಬಾರದು ಅಂತ ತಿಳಿಯೋದೂ ಅದೇ ಕಸಬಿನ ಭಾಗ. ಆ ತಿಳಿವಳಿಕೆಗೆ ಉಸ್ತಾದ್ ದೊಡ್ಡ ಬೆಲೆ ಕೊಟ್ಟಿದ್ದರು. ಆ ಹುಡುಗ ಇನ್ನೂ ದೊಡ್ಡ ಬೆಲೆ ಕೊಟ್ಟಿದ್ದ.

ಬದಲಿಸಿದ ಮಧ್ಯಾಹ್ನ

“ನೀ ನಿಂತು ಎಷ್ಟು ಓಡಿಸ್ತಿ, ಕೂತು ಎಷ್ಟು ಓಡಿಸ್ತಿ?” ಅಂತ ಕೇಳಿದರು. ನಿಜ ಹೇಳಿದೆ: ಹತ್ತರಲ್ಲಿ ಒಂಬತ್ತು ಪಾಲು ಕೂತೇ. “ಹಂಗಾದ್ರ ಮರುಭೂಮಿ ಹ್ಯಾಂಡಲ್ ನಿನಗ್ಯಾಕ?” ಅಂದರು. ಎತ್ತರ, ಅಗಲ ಬದಲಿಸಿದ್ರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಪೈಪ್ ಎಲ್ಲ ಗಿಡ್ಡ ಆಗಬಹುದು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಕೇಬಲ್ ಜಗ್ಗಿ, ಗಾಡಿ ತಾನೇ ಎಕ್ಸಿಲರೇಟ್ ಆಗಬಹುದು. ಅಲಾಯ್ ಹ್ಯಾಂಡಲ್‌ನಲ್ಲಿ ಸ್ವಿಚ್ ಕೂರೋ ತೂತು ಎಷ್ಟೋ ಸಲ ಇರೋದಿಲ್ಲ. ಸುಮ್ಮನೆ ಡ್ರಿಲ್ ಹಾಕಿದ್ರೆ ಅದೇ ಸೀಳಿಗೆ ಬಾಗಿಲು. ಕಾನೂನಿನ ಮಾತೂ ಇದೆ. ಆರ್‌ಸಿಯಲ್ಲಿರೋ ವಿವರಕ್ಕೆ ವ್ಯತ್ಯಾಸ ಬರೋ ಹಂಗೆ ವಾಹನ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಬಿಗಿ ಮಾಡಿತು. ಕೆಟ್ಟ ಭಾಗದ ಬದಲಿಗೆ ಅದೇ ಅಳತೆಯ ಭಾಗ ಹಾಕೋದು ರಿಪೇರಿ. ಅದಕ್ಕೆ ತಕರಾರಿಲ್ಲ.

ಕೊನೆಗೆ ಅದೇ ಅಳತೆಯ ಸ್ಟೀಲ್ ಹ್ಯಾಂಡಲ್ ತರಿಸಿದೆವು. ಬದಲಿಸೋಕೆ ಎರಡು ತಾಸು ಹಿಡೀತು. ಮೊದಲು ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ, ಯಾವ ಕೇಬಲ್ ಎಲ್ಲಿ ಹಾಯ್ತದೆ ಅಂತ ಮರೀಬಾರದಲ್ಲ. ಟ್ಯಾಂಕ್ ಮೇಲೆ ದಪ್ಪ ಬಟ್ಟೆ. ಆಮೇಲೆ ತುದಿಯ ತೂಕದ ಗುಂಡು ಬಿಚ್ಚಿದರು. ಅದು ಅಲಂಕಾರಕ್ಕಲ್ಲ, ಇಂಜಿನ್ನಿನ ನಡುಕ ಕೈಗೆ ಕಡಿಮೆ ಬರಲಿ ಅಂತ. ಗ್ರಿಪ್ ಒಳಗೆ ಸಾಬೂನು ನೀರು ಬಿಟ್ಟು ತಿರುವಿ ಎಳೆದರು. ಸ್ವಿಚ್ ಡಬ್ಬಿ, ಕ್ಲಚ್ ಲಿವರ್ ಸಡಿಲಿಸಿದರು. ಮುಂದಿನ ಬ್ರೇಕ್ ಆಯಿಲ್ ಡಬ್ಬಿಯನ್ನ ಮಾತ್ರ ಪೈಪಿನ ಮೇಲೆ ಜೋತಾಡೋಕೆ ಬಿಡಲಿಲ್ಲ. ನೆಟ್ಟಗೆ ಇರೋ ಹಂಗೆ ಕಟ್ಟಿ ನಿಲ್ಲಿಸಿದರು. ಮಗುಚಿದ್ರೆ ಗಾಳಿ ಹೊಕ್ಕು ಬ್ರೇಕ್ ಮೆತ್ತಗಾಗ್ತದೆ.

ಹೊಸ ಹ್ಯಾಂಡಲ್ ಕೂಡಿಸಿ, ಗುರುತಿನ ಚುಕ್ಕೆಗೆ ಹೊಂದಿಸಿ, ಕ್ಲ್ಯಾಂಪ್ ಬೋಲ್ಟ್ ಸ್ವಲ್ಪ ಬಿಗಿ ಮಾಡಿದರು. “ಈಗ ಕೂಡು. ಕಣ್ಣು ಮುಚ್ಚು. ಕೈ ಮುಂದ ಚಾಚು” ಅಂದರು. ಕೈ ತಾನಾಗಿ ಗ್ರಿಪ್ ಮೇಲೆ ಬಿದ್ದ ಕಡೆ ಮಣಿಕಟ್ಟು ಮುರೀದ ಹಂಗೆ ಹ್ಯಾಂಡಲ್ ಒಂಚೂರು ಹಿಂದಕ್ಕೆ ಉರುಳಿಸಿದರು. ಅಷ್ಟೇ. ಎರಡು ವರ್ಷದಿಂದ ನನಗೆ ಬರ್ತಿದ್ದ ಭುಜದ ನೋವಿಗೆ ಬೇಕಾಗಿದ್ದು ಆ ಒಂಚೂರು. ಹೊಸ ಅಲಾಯ್ ಅಲ್ಲ. ಆಮೇಲೆ ಕಂಪನಿ ಪುಸ್ತಕದ ಲೆಕ್ಕಕ್ಕೆ ಟಾರ್ಕ್ ರೆಂಚಿನಿಂದ ಬಿಗಿ ಮಾಡಿದರು. ಇಂಜಿನ್ ಚಾಲೂ ಇಟ್ಟು ಹ್ಯಾಂಡಲ್ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದರು. ಇಂಜಿನ್ ಸದ್ದು ಏರಲಿಲ್ಲ. ಬ್ರೇಕ್ ಹಿಡಿದು ನೋಡಿದರು. “ಹೋಗು. ಐವತ್ತು ಕಿಲೋಮೀಟರ್ ಆದ ಮ್ಯಾಲ ಬಂದು ಬೋಲ್ಟ್ ತೋರ್ಸು.”

ಹಳೇ ಹ್ಯಾಂಡಲ್ ನನಗೆ ಬೇಕು ಅಂದೆ. ಅವರು ಕೊಡಲಿಲ್ಲ. ಹ್ಯಾಕ್ಸಾದಿಂದ ನಡುವೆ ಎರಡು ತುಂಡು ಮಾಡಿ ಗುಜರಿಗೆ ಹಾಕಿದರು. “ಇಡೀ ಇದ್ರ ಯಾರಾದ್ರೂ ಬಡವರ ಹುಡುಗ ಒಯ್ದು ಸೀದಾ ಮಾಡಿಸ್ತಾನ” ಅಂದರು.

ಮುಂದಿನ ವಾರ ಅದೇ ಮಾನ್ವಿ ರಸ್ತೆಗೆ ಹೋದೆ. ನೆಲ್ಲು ಇನ್ನೂ ಹರವಿದ್ದರು, ಕಲ್ಲೂ ಇದ್ದವು. ಈ ಸಲ ಬೆಳಕಿತ್ತು, ನಾನೂ ನಿಧಾನ ಇದ್ದೆ. ಎರೆ ನೆಲದ ಮೇಲಿನ ರಸ್ತೆ ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗಿ ಅಲೆ ಅಲೆಯಾಗಿರ್ತದೆ. ಆ ಏರಿಳಿತ ಹ್ಯಾಂಡಲ್‌ನಿಂದ ಅಂಗೈಗೆ ಬರೋದು ಅವತ್ತು ಮೊದಲ ಸಲ ಗಮನಿಸಿದೆ. ಬೆರಳು ಜೋಮು ಹಿಡೀಲಿಲ್ಲ. ಅಜ್ಜ ಗುರುತು ಹಿಡಿದರು. “ಏನಪಾ, ಗಾಡಿ ಸೀದಾ ಮಾಡಿಸಿದ್ಯಾ?” ಅಂದರು.

“ಇಲ್ಲ ಯಜ್ಜಾ. ಬದಲಿ ಮಾಡಿಸಿದೆ” ಅಂದೆ.

ಉಸ್ತಾದ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಹ್ಯಾಂಡಲ್‌ನ ಪ್ರತಿ ಬಾಗೂ ಯಾವುದೋ ಒಂದು ರಸ್ತೆಗೆ, ಯಾರದೋ ಒಂದು ಮೈಗೆ ಅಂತ ಮಾಡಿದ್ದು. ಬದಲಿಸೋ ಮೊದಲು ನಿಮ್ಮ ರಸ್ತೆ ಯಾವುದು, ನಿಮ್ಮ ಕೈ ಎಂಥದು ಅಂತ ಕೇಳ್ಕೊಳ್ರಿ. ಬಿದ್ದು ಬಾಗಿದ್ರೆ ಮಾತ್ರ ಯಾವ ಪ್ರಶ್ನೆಯೂ ಬೇಡ. ಸೀದಾ ಮಾಡಿಸಬ್ಯಾಡ್ರಿ, ಬದಲಿಸ್ರಿ.

ನಿಮ್ಮ ಊರಿನ ಉಸ್ತಾದ್ ಹೇಳಿದ ಇಂಥ ಮಾತು ಇದ್ರೆ ನಮಗೆ ದನಿ ಸಂದೇಶ ಕಳಿಸ್ರಿ. ಮುಂದಿನ ವಾರ ಮೊಸರಕಲ್ಲಿನಿಂದ ಮಾನ್ವಿ ತನಕ ದಾಸರು ನಡೆದ ದಾರಿಯ ಕಥೆ. ಈ ಸಲ ಬೀಳದೆ ಮುಗಿಸಿದ್ದೀನಿ.